ಪದ ಮೊದಲೋ ಸ್ವರ ಮೊದಲೋ? ಕೊಪ್ಪಳ ಸೀಮೆಯಲ್ಲಿ ಮಕ್ಕಳ ಸಂಗೀತ ಕಲಿಕೆ

ಕರ್ನಾಟಕ ಸಂಗೀತ ಕಲಿಯುವ ಮಗು ಮೈಸೂರಿನಲ್ಲಿರಲಿ, ಚೆನ್ನೈಯಲ್ಲಿರಲಿ, ಅಮೆರಿಕದಲ್ಲಿರಲಿ, ಮೊದಲ ದಿನಗಳಲ್ಲಿ ಹಾಡುವುದು ಮಾಯಾಮಾಳವಗೌಳದ ಸರಳೆ ವರಸೆ. ಈ ಪಾಠಕ್ರಮವನ್ನು ಕಟ್ಟಿಕೊಟ್ಟವರು ಪುರಂದರದಾಸರು (1484–1564) ಎಂದು ಪರಂಪರೆ ನಂಬಿದೆ. ಅವರ ಹೆಸರಿನ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಂಡೆಗಿದೆ. ಅವರ ಗುರು ವ್ಯಾಸರಾಯರ ವೃಂದಾವನ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ನಡುಗಡ್ಡೆಯಲ್ಲಿದೆ. ಆದರೆ ಆನೆಗೊಂದಿಯಿಂದ ಕುಷ್ಟಗಿಯವರೆಗಿನ ಹಳ್ಳಿಗಳಲ್ಲಿ ಮಗುವಿನ ಸಂಗೀತ ಶುರುವಾಗುವುದು ಸಾಮಾನ್ಯವಾಗಿ ಸರಳೆ ವರಸೆಯಿಂದಲ್ಲ, ಪದದಿಂದ. ಆ ಪದ ಭಜನೆಯದಿರಬಹುದು, ಅಲಾಯಿ ಹಬ್ಬದ್ದಿರಬಹುದು, ಮಳೆಗಾಗಿ ಹಾಡುವ ಗುರ್ಜಿಯದಿರಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಕ್ಕಳಿಗೆ ಸಂಗೀತ ತಲುಪಿದ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಲೇಖನದ ಉದ್ದೇಶ. ದಾರಿಗಳ ನಡುವಿನ ನಿಜವಾದ ಭೇದ ಹಿಂದುಸ್ತಾನಿ, ಕರ್ನಾಟಕ ಎಂಬ ಪದ್ಧತಿಯದಲ್ಲ, ಮಗುವಿಗೆ ಮೊದಲು ಏನನ್ನು ಕೊಡುತ್ತೇವೆ ಎಂಬುದರದು ಎಂಬುದು ನನ್ನ ವಾದ.

ಈ ಸೀಮೆಯ ಮೊದಲ ಸಂಗೀತ ಶಾಲೆ ಗುಡಿಯ ಕಟ್ಟೆ. ಶನಿವಾರ ಹನುಮಪ್ಪನ ಗುಡಿ, ಸೋಮವಾರ ಬಸವಣ್ಣನ ಗುಡಿ, ಅಮಾವಾಸ್ಯೆಗೆ ಮಠ. ಭಜನೆಗೆ ದಿನ ಗೊತ್ತಿದೆ, ಪಠ್ಯವಿಲ್ಲ. ನಡುವೆ ಪೇಟಿ ಮಾಸ್ತರು, ಪಕ್ಕದಲ್ಲಿ ತಬಲಾ-ಡಗ್ಗಾ, ಸುತ್ತ ತಾಳ ಹಿಡಿದವರು, ಹೊರಸುತ್ತಿನಲ್ಲಿ ಹುಡುಗರು. ಮುಂದಿನವರು ಪಲ್ಲ ಎತ್ತಿದರೆ ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಹುಡುಗನ ಕೈಗೆ ಮೊದಲು ಬರುವುದು ತಾಳ. ಅದು ತಪ್ಪಿದರೆ ಪಕ್ಕದ ಹಿರಿಯ ಬೈಯುವುದಿಲ್ಲ, ತನ್ನ ತಾಳವನ್ನು ತುಸು ಜೋರಾಗಿ ಬಡಿಯುತ್ತಾನೆ. ಕೆಲವು ತಿಂಗಳು ಪಲ್ಲ ಮಾತ್ರ ಹೇಳಿದ ಹುಡುಗ ಆಮೇಲೆ ಒಂದೊಂದೇ ನುಡಿ ಹಿಡಿಯುತ್ತಾನೆ. ಮುಂದೊಂದು ದಿನ ಹಾಡುವವರು ಬಂದಿರದಿದ್ದರೆ ತಾನೇ ಪಲ್ಲ ಎತ್ತುತ್ತಾನೆ. ಶಿಶುನಾಳ ಶರೀಫರ, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಅರ್ಥ ಅವನಿಗೆ ಆಗ ಆಗಿರುವುದಿಲ್ಲ. ಆದರೆ ಪದದ ನಡಿಗೆ ಮೈಯೊಳಗೆ ಇಳಿದಿರುತ್ತದೆ. ತಪ್ಪು ಹಾಡಿದರೂ ಅದು ಗುಂಪಿನ ದನಿಯಲ್ಲಿ ಕರಗಿಹೋಗುತ್ತದೆ. ಒಬ್ಬನೇ ಎದ್ದು ನಿಂತು ಹಾಡುವ ಅಂಜಿಕೆ ಮಗುವನ್ನು ಮುಟ್ಟುವ ಮೊದಲೇ ಹಾಡು ಅದಕ್ಕೆ ಒಗ್ಗಿರುತ್ತದೆ. ಇದು ಸಣ್ಣ ಲಾಭವಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳ ಮೊಹರಂ ಇದರದೇ ಇನ್ನೊಂದು ರೂಪ. ಅಲಾಯಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯ, ಎರಡೂ ಧರ್ಮದ ಹುಡುಗರಿರುತ್ತಾರೆ; ಅಲ್ಲಿ ಲಯ ಮೊದಲು ಕಾಲಿಗೆ ಬರುತ್ತದೆ, ಆಮೇಲೆ ರಿವಾಯತ್ ಪದ ಬಾಯಿಗೆ. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್ ದಾಲ್‌ಕ್ರೋಜ್ (1865–1950) ಸಂಗೀತ ಶಾಲೆಯ ವಿದ್ಯಾರ್ಥಿಗಳಿಗೆ ಲಯಜ್ಞಾನ ಇಲ್ಲವೆಂದು ಕಂಡು, ದೇಹದ ಚಲನೆಯ ಮೂಲಕ ಲಯ ಕಲಿಸುವ ಪದ್ಧತಿಯನ್ನೇ ಕಟ್ಟಬೇಕಾಯಿತು. ನಮ್ಮ ಹುಡುಗರಿಗೆ ಅದನ್ನು ಹಬ್ಬವೇ ಕಲಿಸುತ್ತದೆ.

ಕಟ್ಟೆಯ ಶಾಲೆಯ ಕೊರತೆಗಳನ್ನೂ ಹೇಳಬೇಕು. ಭಜನಾ ಮಂಡಳಿಗಳು ಬಹುಕಾಲ ಗಂಡಸರವೇ ಆಗಿದ್ದವು; ಹೆಣ್ಣುಮಕ್ಕಳ ಕಲಿಕೆ ಬೀಸುವ ಕಲ್ಲಿನ ಮುಂದೆ, ಸೋಬಾನದ ಜಗಲಿಯಲ್ಲಿ ನಡೆಯಿತು. ಆ ಕಲ್ಲು ಮೂಲೆ ಸೇರಿದಾಗ ಅವರ ಶಾಲೆಯೂ ಮುಚ್ಚಿತು. ಇನ್ನೊಂದು ಕೊರತೆ ಸ್ವರದ್ದು. ನೂರು ಪದ ಬಲ್ಲ ಹುಡುಗನಿಗೆ ತಾನು ಹಾಡುತ್ತಿರುವುದರಲ್ಲಿ ಗಂಧಾರ ಯಾವುದು, ಮಧ್ಯಮ ಯಾವುದು ಎಂದು ಗೊತ್ತಿರುವುದಿಲ್ಲ. ಒಂದು ಮಟ್ಟನ್ನು ಬಿಚ್ಚಿ ಇನ್ನೊಂದನ್ನು ಕಟ್ಟುವ ಶಕ್ತಿ ಅವನಿಗೆ ತಾನಾಗಿ ಬರುವುದಿಲ್ಲ.

ಆ ಶಕ್ತಿಯನ್ನೇ ಸರಳೆ ವರಸೆ ಕೊಡುತ್ತದೆ. ಪುರಂದರದಾಸರ ಹೆಸರಿನ ಕ್ರಮದಲ್ಲಿ ಮಕ್ಕಳ ಮನಸ್ಸನ್ನು ಬಲ್ಲ ಶಿಕ್ಷಕರೊಬ್ಬರ ಕೈ ಕಾಣುತ್ತದೆ. ಮಾಯಾಮಾಳವಗೌಳದ ಪೂರ್ವಾಂಗ, ಉತ್ತರಾಂಗಗಳು ಅಚ್ಚಿನಲ್ಲಿ ಒತ್ತಿದಂತೆ ಒಂದೇ ಅಳತೆಯವು; ಸ-ರಿ-ಗ-ಮ ಕಲಿತವನಿಗೆ ಪ-ದ-ನಿ-ಸ ಅರ್ಧ ಬಂದಂತೆಯೇ. ಜಂಟಿ ವರಸೆಯಲ್ಲಿ ಪ್ರತಿ ಸ್ವರವೂ ಎರಡು ಸಲ ಬಂದು ಗಂಟಲಿಗೆ ಒತ್ತು ಕಲಿಸುತ್ತದೆ. ಸಪ್ತ ತಾಳಗಳ ಅಲಂಕಾರಗಳಲ್ಲಿ ಅದೇ ಸ್ವರಗಳು ಬೇರೆ ಬೇರೆ ಲೆಕ್ಕಕ್ಕೆ ಒಗ್ಗುತ್ತವೆ. ಇಷ್ಟಾದ ಮೇಲೆ ಬರುವ ಪಿಳ್ಳಾರಿ ಗೀತೆಗಳು ಮಲಹರಿ ರಾಗದವು. ಮಲಹರಿಯ ಆರೋಹಣದಲ್ಲಿ ಐದೇ ಸ್ವರ, ನಿಷಾದವಂತೂ ಇಲ್ಲವೇ ಇಲ್ಲ. ಸರಳೆಯಲ್ಲಿ ಏಳು ಸ್ವರ ಹಾಡಿದ ಮಗುವಿಗೆ ಮೊದಲ ಹಾಡು ಹಗುರಾಗಿ ಬರುತ್ತದೆ. ಆದರೆ ಆ ಮೊದಲ ಹಾಡಿಗಾಗಿ ಮಗು ತಿಂಗಳುಗಟ್ಟಲೆ ಕಾಯಬೇಕು. ಸಂಗೀತದ ಮನೆಯಲ್ಲಿ ಹುಟ್ಟಿದ ಮಗು ಕಾಯುತ್ತದೆ, ಏಕೆಂದರೆ ಅದರ ಕಿವಿಯ ತುಂಬ ಆಗಲೇ ಹಾಡುಗಳಿರುತ್ತವೆ. ಸ್ವರವನ್ನು ಮೊದಲು ಕೊಡುವ ಕ್ರಮ ನಿಂತಿರುವುದೇ ಮನೆಯಲ್ಲಿ ಪದ ಸಿಕ್ಕಿದೆ ಎಂಬ ನಂಬಿಕೆಯ ಮೇಲೆ.

ಹಿಂದುಸ್ತಾನಿ ಕಲಿಕೆಯನ್ನು ಗುರುಗಳ ಮನೆಯಿಂದ ತರಗತಿಗೆ ತಂದವರು ವಿಷ್ಣು ದಿಗಂಬರ ಪಲುಸ್ಕರ್ ಮತ್ತು ಭಾತಖಂಡೆ. ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯೇ ಇಂದು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳಾಗಿ ನಮ್ಮ ಊರುಗಳವರೆಗೆ ಬಂದಿದೆ. ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಇದೇ ಜಾಡಿನವು. ಪರೀಕ್ಷೆಯಿಂದ ಮಧ್ಯಮ ವರ್ಗದ ಹೆಣ್ಣುಮಕ್ಕಳಿಗೆ ಸಂಗೀತದ ಬಾಗಿಲು ತೆರೆಯಿತು ಎಂಬುದನ್ನು ಮರೆಯಬಾರದು. ಆದರೆ ಅದು ಇಡೀ ವರ್ಷ ಒಂದೇ ಊರಲ್ಲಿರುವ ಮಗುವನ್ನು ಬೇಡುತ್ತದೆ. ಕಾಲುವೆ ನೀರು ಬಂದ ಗಂಗಾವತಿಯ ಗದ್ದೆ ಸೀಮೆಯಲ್ಲಿ ಅದು ಸಾಧ್ಯ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಬಡ ಮನೆಯ ಮಗು ಅಪ್ಪ-ಅವ್ವನ ಜೊತೆ ಗುಳೆ ಹೋಗಬಹುದು. ನಾಲ್ಕು ತಿಂಗಳು ಬಿಟ್ಟು ಬಂದ ಮಗುವಿಗೆ ಪರೀಕ್ಷೆಯ ತರಗತಿಯಲ್ಲಿ ಜಾಗವಿಲ್ಲ. ಭಜನೆಯ ಹೊರಸುತ್ತಿನಲ್ಲಿ ಇದೆ. ಸಂಗೀತ ಶಿಕ್ಷಣದ ಬಗ್ಗೆ ಬರೆಯುವವರು ಈ ಭೇದವನ್ನು ಗಮನಿಸಿದ್ದು ಕಡಿಮೆ. ನನಗೆ ಅದು ರಾಗ-ಥಾಟುಗಳ ಚರ್ಚೆಗಿಂತ ದೊಡ್ಡದೆನಿಸುತ್ತದೆ.

ಈ ಎರಡು ತುದಿಗಳ ನಡುವೆ ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಕೊಪ್ಪಳದಿಂದ ಅದು ಸುಮಾರು ಅರವತ್ತು ಕಿಲೋಮೀಟರ್. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆ ಮಕ್ಕಳಿಗೆ ತಾಯಿಯಾದರು. ಗುರುಗಳಿಗೂ ಕಣ್ಣಿಲ್ಲ, ಶಿಷ್ಯರಲ್ಲಿ ಎಷ್ಟೋ ಜನಕ್ಕೂ ಕಣ್ಣಿಲ್ಲ. ಹೀಗಾಗಿ ಸ್ವರಲಿಪಿಯ ಪುಸ್ತಕಕ್ಕೆ ಅಲ್ಲಿ ಮುಖ್ಯ ಸ್ಥಾನ ಸಿಗುವಂತಿರಲಿಲ್ಲ. ಕಿವಿಯೇ ಪುಸ್ತಕ. ಸ್ವರಸಾಧನೆ ಅಲ್ಲಿಯೂ ಕಟ್ಟುನಿಟ್ಟು. ಆದರೆ ಸಾಧನೆ ಮಾಡುವ ಮಗು ಇಡೀ ದಿನ ಪದಗಳ ನಡುವೆ ಬದುಕುತ್ತದೆ. ವಚನ, ಪ್ರಾರ್ಥನೆ, ಹಿರಿಯ ವಿದ್ಯಾರ್ಥಿಗಳ ರಿಯಾಜು, ಆಶ್ರಮದ ನಾಟಕ ಸಂಘದ ಹಾಡು ಸದಾ ಕಿವಿಗೆ ಬೀಳುತ್ತಿರುತ್ತವೆ. ಸಂಗೀತದ ಮನೆ ಇಲ್ಲದ ಮಗುವಿಗೆ ಆಶ್ರಮವೇ ಆ ಮನೆಯಾಯಿತು. ಪದ ಮತ್ತು ಸ್ವರದ ಜಗಳ ಅಲ್ಲಿ ಏಳಲೇ ಇಲ್ಲ.

ಹಿಂದುಸ್ತಾನಿ ಗಾಯಕ ಎಂ. ವೆಂಕಟೇಶಕುಮಾರರ ಬಾಲ್ಯ ಇದಕ್ಕೆ ಒಳ್ಳೆಯ ಉದಾಹರಣೆ. ತಂದೆ ಹುಲೆಪ್ಪ ಜನಪದ ಹಾಡುಗಾರರು, ತೊಗಲುಗೊಂಬೆಯವರು. ಸೋದರಮಾವ ಬೆಳಗಲ್ಲು ವೀರಣ್ಣ ರಂಗಭೂಮಿ ಮತ್ತು ತೊಗಲುಗೊಂಬೆಯ ದೊಡ್ಡ ಹೆಸರು. ಬಾಲಕನನ್ನು 1968ರಲ್ಲಿ ಪುಟ್ಟರಾಜರ ಬಳಿಗೆ ಕರೆದೊಯ್ದವರು ಆ ಸೋದರಮಾವನೇ. ಬೊಂಬೆಯಾಟದ ಪರದೆಯ ಹಿಂದೆ ಪದ ದಕ್ಕಿತ್ತು, ಆಶ್ರಮದಲ್ಲಿ ಸ್ವರ ದಕ್ಕಿತು. ಮುಂದೆ ಅವರು ಖಯಾಲನ್ನೂ ವಚನ, ದಾಸರ ಪದಗಳನ್ನೂ ಒಂದೇ ಶ್ರದ್ಧೆಯಿಂದ ಹಾಡಿದ್ದು ಈ ಎರಡು ಬೇರುಗಳಿಂದ ಎಂದು ನಾನು ಓದುತ್ತೇನೆ. ಕೊಪ್ಪಳ ತಾಲ್ಲೂಕಿನ ಮೋರನಾಳದಲ್ಲಿ ಆ ಪರದೆ ಇನ್ನೂ ಜೀವಂತ. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಆ ಊರಿನವರು. ತೊಗಲುಗೊಂಬೆಯ ಮನೆಗಳಲ್ಲಿ ಹಾಡು, ಮಾತು, ಬೊಂಬೆ ಆಡಿಸುವುದು ಬೇರೆ ಬೇರೆ ವಿಷಯಗಳಲ್ಲ. ಕತೆಗೆ ಬೇಕಾದಾಗ ಹಾಡು ಬರುತ್ತದೆ, ಕತೆಯ ಜೊತೆಗೇ ನೆನಪಿನಲ್ಲಿ ಉಳಿಯುತ್ತದೆ.

ಹಂಗೇರಿಯ ಜೊಲ್ತಾನ್ ಕೊದಾಯ್ (1882–1967) ಮಗುವಿನ ಮೊದಲ ಪಾಠ ಅದರ ನಾಡಿನ ಜನಪದ ಹಾಡೇ ಆಗಬೇಕೆಂದು ಹಟ ಹಿಡಿದರು. ಐದು ಸ್ವರದ ಹಾಡುಗಳಿಂದ ಶುರುಮಾಡಿ, ಹಾಡು ಬಂದ ಮೇಲೆ ಅದರೊಳಗಿನ ಸ್ವರಕ್ಕೆ ಹೆಸರು ಕೊಡುವುದು ಅವರ ಕ್ರಮ. ಜಪಾನಿನ ಶಿನಿಚಿ ಸುಜುಕಿ (1898–1998) ಮಗು ತಾಯ್ನುಡಿ ಕಲಿಯುವಂತೆ ಪಿಟೀಲು ಕಲಿಯಲಿ, ದಿನವೂ ಕೇಳಲಿ, ಓದುವುದು ಆಮೇಲಾಗಲಿ ಎಂದರು. ಭಜನಾ ಕಟ್ಟೆ ಮತ್ತು ಆಶ್ರಮವನ್ನು ಬಲ್ಲವರಿಗೆ ಇವು ಹೊಸ ಮಾತುಗಳಲ್ಲ. ಕೊದಾಯ್ ಅವರಿಂದ ನಾವು ಕಲಿಯಬೇಕಾದದ್ದು ಹಾಡಿನಿಂದ ಸ್ವರಕ್ಕೆ ದಾಟಿಸುವ ಸೇತುವೆಯನ್ನು. ನಮ್ಮಲ್ಲಿ ದಂಡೆಗಳೆರಡೂ ಗಟ್ಟಿಯಾಗಿವೆ, ಆ ಸೇತುವೆ ಇಲ್ಲ.

ಸರ್ಕಾರಿ ಶಾಲೆ ಆ ಸೇತುವೆಯಾಗಬಹುದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಹಾಡು ಧಾರಾಳವಾಗಿದೆ. ಆದರೆ ಅಲ್ಲಿ ಹಾಡು ಅಕ್ಷರ ಮತ್ತು ಲೆಕ್ಕದ ಆಳು. ಅಕ್ಷರ ಬಂದ ಕೂಡಲೇ ಅದಕ್ಕೆ ರಜೆ. ಪ್ರತಿಭಾ ಕಾರಂಜಿ ಬಂದಾಗ ಒಬ್ಬಿಬ್ಬರು ಮಕ್ಕಳನ್ನು ಆರಿಸಿ ಭಕ್ತಿಗೀತೆಯೊಂದನ್ನು ಬಾಯಿಪಾಠ ಮಾಡಿಸುತ್ತೇವೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಕಟ್ಟೆಯಲ್ಲಿ ಎಲ್ಲರಿಗೂ ಇದ್ದ ಸೊಲ್ಲು ಶಾಲೆಯಲ್ಲಿ ಒಬ್ಬರದಾಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಶ್ರುತಿಯ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ಭಜನೆಯ ಪೇಟಿ ಸಾಮಾನ್ಯವಾಗಿ ಗಂಡಸರ ಕರಿ ಒಂದು, ಕರಿ ಎರಡರಲ್ಲಿ ನಿಲ್ಲುತ್ತದೆ. ಹತ್ತು ವರ್ಷದ ಮಗುವಿಗೆ, ಹೆಣ್ಣಿರಲಿ ಗಂಡಿರಲಿ, ಕರಿ ನಾಲ್ಕು, ಕರಿ ಐದರ ಆಸುಪಾಸು ಹಿತ. ದೊಡ್ಡವರ ಷಡ್ಜದಲ್ಲಿ ಪದ ತಾರಸ್ಥಾಯಿಗೆ ಏರಿದಾಗ ಮಗು ಕಿರುಚುತ್ತದೆ. ಕಿರುಚಿದ್ದಕ್ಕೇ ಚಪ್ಪಾಳೆ ಬಿದ್ದರೆ ಅದೇ ರೂಢಿಯಾಗುತ್ತದೆ. ಪೇಟಿಯ ಶುದ್ಧ ಗಂಧಾರ ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಸುವ ಗಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು ಮೇಲಿದೆ. ಪೇಟಿಯೊಂದನ್ನೇ ಕೇಳಿ ಬೆಳೆದ ಕಿವಿಗೆ ಆ ಸೂಕ್ಷ್ಮ ದಕ್ಕುವುದು ತಡ. ನಮ್ಮ ಷಡ್ಜವಾದರೋ ಗೂಟಕ್ಕೆ ಕಟ್ಟಿದ್ದಲ್ಲ, ಹಾಡುವವರ ಗಂಟಲಿಗೆ ತಕ್ಕಂತೆ ಸರಿಯುವಂಥದ್ದು. ಮಕ್ಕಳ ಸಾಲಿಗೆ ಬಂದಾಗ ಪೇಟಿ ಮಾಸ್ತರು ಆ ಷಡ್ಜವನ್ನು ಕರಿ ನಾಲ್ಕಕ್ಕೆ ಸರಿಸಿದರೆ ಸಾಕು, ಖರ್ಚಿಲ್ಲದೆ ಒಂದು ಸುಧಾರಣೆ ಆದಂತೆ.

ಮಳೆ ತಡವಾದಾಗ ಹುಡುಗರು ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ಹೋಗುವ ರೂಢಿ ಈ ಸೀಮೆಯಲ್ಲಿದೆ. ಅವ್ವಂದಿರು ಕೊಡ ನೀರು ಸುರಿಯುತ್ತಾರೆ. ಹುಡುಗರು ಕೂಗಿ ಹಾಡುವಂಥ ಪದ ಮೂರು-ನಾಲ್ಕು ಸ್ವರಗಳೊಳಗೇ ಸುತ್ತುತ್ತದೆ. ಸೇತುವೆ ಕಟ್ಟಲು ಶಾಲೆಯಲ್ಲಿ ಮೊದಲು ಆ ಪದವನ್ನೇ ಎಲ್ಲರೂ ಹಾಡಬಹುದು. ಅದೇ ಮಟ್ಟಿಗೆ ಮಾತು ಬಿಟ್ಟು ಸ-ರಿ-ಗ ಹಚ್ಚಿ ಹಾಡಿಸುವುದು ಎರಡನೆಯ ತಿಂಗಳ ಪಾಠ. ಸರಳೆ ವರಸೆಗೆ ಮಗು ಬರುವುದು ಮೂರನೆಯ ತಿಂಗಳಲ್ಲಿ, ಕೇಳಿ ಬಲ್ಲ ಸ್ವರಗಳ ಗುರುತು ಹಿಡಿದುಕೊಂಡು.