ಕಲಿತದ್ದರ ಲೆಕ್ಕ ಯಾರ ಮನೆಯಲ್ಲಿದೆ?

ಕ್ಲೌಡ್ ಅಂದರೆ ಮೊನ್ನೆ ಮೊನ್ನೆ ಬಂದ ಮಾಯೆ ಅನ್ನುವವರು ಬಹಳ ಜನ. ಮೊದಲು ಎಲ್ಲ ನಮ್ಮ ಆಫೀಸಿನ ಸರ್ವರ್ ರೂಮಿನಲ್ಲೇ ಇತ್ತು, ಈಗ ಯಾರದೋ ಡೇಟಾ ಸೆಂಟರಿಗೆ ಹೋಯಿತು ಅಂತ ಒಂದು ಕಥೆ. ಬೇರೆಯದ್ದೆಲ್ಲ ಹೇಗೋ ಏನೋ, ನೌಕರರ ಟ್ರೈನಿಂಗಿನ ಸಾಫ್ಟ್‌ವೇರ್ ಮಟ್ಟಿಗೆ ಈ ಕಥೆ ಅರ್ಧ ಮಾತ್ರ ನಿಜ. ಅದು ಹುಟ್ಟಿದ್ದೇ ದೂರದ ಯಂತ್ರದಲ್ಲಿ. ನಡುವೆ ಕೆಲವು ವರ್ಷ ಮನೆಗೆ ಬಂದಿತ್ತು, ಮತ್ತೆ ಹೊರಟಿತು ಅಷ್ಟೆ.

ಎಲ್‌ಎಮ್‌ಎಸ್, ಅಂದರೆ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಗೊತ್ತಿಲ್ಲದವರಿಗೆ ಎರಡು ಮಾತು. ಯಾರಿಗೆ ಯಾವ ಕೋರ್ಸು, ಯಾರು ಮುಗಿಸಿದರು, ಎಷ್ಟು ಮಾರ್ಕು ಬಂತು, ಯಾವ ತಾರೀಕು... ಇದನ್ನೆಲ್ಲ ಬರೆದಿಡುವ ಲೆಡ್ಜರು ಅದು. ಪಾಠ ತೋರಿಸುವುದು ಅದರ ಅರ್ಧ ಕೆಲಸ. ನಮ್ಮಂಥ ಬ್ಯಾಂಕಿನವರಿಗೆ ಆ ಲೆಡ್ಜರಿನ ಅರ್ಧವೇ ಹೆಚ್ಚು ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುರುವಾದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, 1960ರಲ್ಲಿ. ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರು ತಮ್ಮ ಸಂಗಡಿಗರ ಜೊತೆ ಪ್ಲೇಟೋ ಅನ್ನುವ ವ್ಯವಸ್ಥೆ ಕಟ್ಟಿದರು. ಮೊದಲ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಬ್ಬನೇ ವಿದ್ಯಾರ್ಥಿ. 1972ರಲ್ಲಿ ಪ್ಲೇಟೋ-4 ಬರುವ ಹೊತ್ತಿಗೆ ಚಿತ್ರವೇ ಬೇರೆ. ನಡುವೆ ಒಂದು ದೊಡ್ಡ ಕಂಪ್ಯೂಟರು, ಅದಕ್ಕೆ ಟೆಲಿಫೋನ್ ತಂತಿಯಲ್ಲಿ ಸೇರಿಕೊಂಡ ಟರ್ಮಿನಲ್ಲುಗಳು. ಆ ದಶಕದಲ್ಲೇ ಅವುಗಳ ಸಂಖ್ಯೆ ಸಾವಿರದ ಹತ್ತಿರ ಹೋಯಿತು. ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆ, ಬೆರಳಿಟ್ಟರೆ ಉತ್ತರ ಹೋಗುವ ಟಚ್ ಸ್ಕ್ರೀನು. (ಮುಂದೆ ಟೀವಿಗಳಲ್ಲಿ ಬಂತಲ್ಲ ಪ್ಲಾಸ್ಮಾ, ಅದರ ಮೂಲ 1964ರಲ್ಲಿ ಈ ಪ್ಲೇಟೋಗೆಂದೇ ಕಂಡುಹಿಡಿದದ್ದು!) ಪಾಠವೂ, ಕಲಿತವನ ಲೆಕ್ಕವೂ ಇದ್ದದ್ದು ಆ ನಡುವಿನ ಯಂತ್ರದಲ್ಲಿ. ಇದು ಕ್ಲೌಡ್ ಅಲ್ಲದೆ ಮತ್ತೇನು ಹೇಳಿ? ಹೆಸರೊಂದು ಇರಲಿಲ್ಲ.

1976ರಲ್ಲಿ ಕಂಟ್ರೋಲ್ ಡೇಟಾ ಎಂಬ ಕಂಪ್ಯೂಟರ್ ಕಂಪನಿ ಇದನ್ನು ವ್ಯಾಪಾರಕ್ಕಿಟ್ಟಿತು. ಅದರ ಮುಖ್ಯಸ್ಥ ವಿಲಿಯಂ ನಾರಿಸ್‌ಗೆ ಇದರ ಮೇಲೆ ಬಲವಾದ ನಂಬಿಕೆ. ಕಂಪನಿಗಳು ತಮ್ಮ ನೌಕರರನ್ನು ಟರ್ಮಿನಲ್ಲಿನ ಮುಂದೆ ಕೂರಿಸುತ್ತವೆ, ಬಾಡಿಗೆ ಬರುತ್ತದೆ ಅಂತ ಲೆಕ್ಕಾಚಾರ. ಹಾಕಿದ ಹಣ ಮಾತ್ರ ಹಾಕಿದ ಹಾಗೆ ಬರಲಿಲ್ಲ. ದೊಡ್ಡ ಯಂತ್ರದ ಖರ್ಚು, ಟೆಲಿಫೋನ್ ಲೈನಿನ ಖರ್ಚು, ಅಷ್ಟರಲ್ಲಿ 1981ರಲ್ಲಿ ಐಬಿಎಮ್‌ನ ಪಿಸಿ ಬೇರೆ ಬಂತು. ಮೇಜಿನ ಮೇಲೇ ಕಂಪ್ಯೂಟರು ಇರುವಾಗ ದೂರದ ಯಂತ್ರಕ್ಕೆ ಬಾಡಿಗೆ ಯಾಕೆ? ಪಾಠಗಳೆಲ್ಲ ಫ್ಲಾಪಿಗೆ, ಆಮೇಲೆ ಸೀಡಿಗೆ ಇಳಿದವು.

ಆಗ ಹುಟ್ಟಿದ್ದು ಹೊಸ ತಲೆನೋವು. ಇದನ್ನು ಮೊದಲು ಅನುಭವಿಸಿದವರು ವಿಮಾನದವರು. ಒಂದೇ ಏರ್‌ಲೈನ್ಸಿನಲ್ಲಿ ಬೋಯಿಂಗೂ ಇರುತ್ತದೆ, ಏರ್‌ಬಸ್ಸೂ ಇರುತ್ತದೆ. ಒಬ್ಬರ ಪಾಠ ಇನ್ನೊಬ್ಬರ ಕಂಪ್ಯೂಟರಿನಲ್ಲಿ ನಡೆಯದು. ಹಾಗಾಗಿ 1988ರಲ್ಲಿ ವಿಮಾನ ಉದ್ಯಮದವರು ಎಐಸಿಸಿ ಎಂಬ ಸಮಿತಿ ಮಾಡಿಕೊಂಡರು. ಯಾವ ಯಂತ್ರ ಬೇಕು ಅನ್ನುವುದರಿಂದ ಶುರುವಾದ ಕೆಲಸ, ಪಾಠವೂ ಲೆಡ್ಜರೂ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳಬೇಕು ಅನ್ನುವ ತನಕ ಹೋಯಿತು. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಬಂದ ಸ್ಕಾರ್ಮ್ ಎಂಬ ನಿಯಮ ಅದನ್ನೇ ಮುಂದುವರಿಸಿತು. ಅದರ 1.2ನೇ ಆವೃತ್ತಿ 2001ರದ್ದು. ಇವತ್ತಿಗೂ ಎಷ್ಟೋ ಕಡೆ ಅದೇ ನಡೆಯುತ್ತಿದೆ. ನೀವು ಎಲ್ಲಿಯವರೆಗೆ ಓದಿ ನಿಲ್ಲಿಸಿದಿರಿ ಅನ್ನುವುದನ್ನು ನೆನಪಿಡಲು ಅದರಲ್ಲಿ ಕೊಟ್ಟ ಜಾಗ ಬರೀ 4096 ಅಕ್ಷರ. ಉದ್ದದ ಕೋರ್ಸಿನಲ್ಲಿ ಅರ್ಧಕ್ಕೆ ಎದ್ದುಹೋಗಿ ಬಂದರೆ ಮೊದಲಿನಿಂದ ಶುರುವಾಗುವುದು ಕಂಡಿದ್ದೀರಾ? ಅದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಆಗಿನ್ನೂ ಬೇರೆಯೇ ಕಾಲ. ರಿಸರ್ವ್ ಬ್ಯಾಂಕು ಮುಂಬಯಿಯಲ್ಲಿ ಬ್ಯಾಂಕರ್ಸ್ ಟ್ರೈನಿಂಗ್ ಕಾಲೇಜು ತೆರೆದದ್ದು 1954ರಲ್ಲಿ, ಈಗ ಪುಣೆಯಲ್ಲಿರುವ ಎನ್‌ಐಬಿಎಮ್ ಶುರುವಾದದ್ದು 1969ರಲ್ಲಿ. ನಾನು ತೊಂಬತ್ತರ ದಶಕದಲ್ಲಿ ಸೇರಿದಾಗಲೂ ಟ್ರೈನಿಂಗ್ ಅಂದರೆ ರೈಲು ಹತ್ತಿ ಹೋಗುವುದು, ಹಾಸ್ಟೆಲ್ ಊಟ, ಹನ್ನೊಂದಕ್ಕೆ ಚಹಾ, ಕೊನೆಯ ದಿನ ಗ್ರೂಪ್ ಫೋಟೋ. ಹೋಗಿಬಂದದ್ದನ್ನು ಸರ್ವೀಸ್ ಫೈಲಿನಲ್ಲಿ ಒಬ್ಬರು ಕೈಯಲ್ಲಿ ಬರೆಯುತ್ತಿದ್ದರು. ವರ್ಗವಾದರೆ ಹಿಂದೆಯೇ ಫೈಲೂ ಬರುತ್ತಿತ್ತು, ಕೆಲವೊಮ್ಮೆ ನಮಗಿಂತ ಆರು ತಿಂಗಳು ತಡವಾಗಿ. ಆದರೂ ಬರುತ್ತಿತ್ತು.

ಎರಡು ಸಾವಿರದ ಆಸುಪಾಸಿನಲ್ಲಿ ದೊಡ್ಡ ಸಂಸ್ಥೆಗಳು ಎಲ್‌ಎಮ್‌ಎಸ್ ಕೊಂಡು ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡವು. 1997ರಲ್ಲಿ ಶುರುವಾದ ಸಾಬಾ ಆ ಪೈಕಿ ದೊಡ್ಡ ಹೆಸರು. ಲೈಸೆನ್ಸಿಗೆ ಒಂದೇ ಸಲ ದೊಡ್ಡ ಮೊತ್ತ, ಪ್ರತಿವರ್ಷ ಎಎಮ್‌ಸಿ, ಹೊಸ ಆವೃತ್ತಿ ಬಂದಾಗ ಮತ್ತೆ ರಾದ್ಧಾಂತ. ಶಾಖೆಗಳಿಗೆ ಬರುತ್ತಿದ್ದದ್ದು 64 ಕೆಬಿಪಿಎಸ್‌ನ ಲೈನು. ಅದರಲ್ಲಿ ಗಿರಾಕಿಯ ಕೆಲಸ ನಡೆದು ಉಳಿದರೆ ತಾನೆ ವೀಡಿಯೋ ಪಾಠ! ಕಾಸಿಲ್ಲದವರಿಗೆ ದಾರಿ ತೋರಿಸಿದ್ದು ಮೂಡಲ್. ಆಸ್ಟ್ರೇಲಿಯಾದ ಪರ್ತ್‌ನ ಮಾರ್ಟಿನ್ ಡೂಗಿಯಾಮಾಸ್ 2002ರ ಆಗಸ್ಟಿನಲ್ಲಿ ಅದರ ಮೊದಲ ಆವೃತ್ತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟರು. ಕುಗ್ರಾಮದ ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಹೇಳುವ ಶಾಲೆಯಲ್ಲಿ ಓದಿ ಬೆಳೆದವರು ಅವರು. ದೂರದ ಪಾಠದ ಕಷ್ಟಸುಖ ಅವರಿಗೆ ಗೊತ್ತಿತ್ತು.

ಅದೇ ಕಾಲದಲ್ಲಿ ಇನ್ನೊಂದು ಬಗೆಯವರೂ ಹುಟ್ಟಿಕೊಂಡರು. 1999ರಲ್ಲಿ ಸೈಬರ್‌ಯು ಎಂದು ಶುರುವಾಗಿ ಮುಂದೆ ಕಾರ್ನರ್‌ಸ್ಟೋನ್ ಆನ್‌ಡಿಮಾಂಡ್ ಆದ ಕಂಪನಿ, ಸಾಫ್ಟ್‌ವೇರನ್ನು ತನ್ನಲ್ಲೇ ಇಟ್ಟುಕೊಂಡು ತಲೆಗಿಷ್ಟು ಅಂತ ವಸೂಲು ಮಾಡಿತು. ಮುಂದಿನದು ಕೇಳಿ. ಡೋಸೆಂಟ್ ಮತ್ತು ಕ್ಲಿಕ್‌ಟುಲರ್ನ್ 2004ರಲ್ಲಿ ಕೂಡಿ ಸಮ್‌ಟೋಟಲ್ ಆದವು. ನಮ್ಮ ಹೈದರಾಬಾದಿನವರಿಗೆ ಆ ಹೆಸರು ಗೊತ್ತಿರಬಹುದು, ಅಲ್ಲಿ ಅದರ ಕಚೇರಿ ಇತ್ತು. 2020ರಲ್ಲಿ ಸಾಬಾ, 2022ರಲ್ಲಿ ಸಮ್‌ಟೋಟಲ್, ಎರಡನ್ನೂ ಕಾರ್ನರ್‌ಸ್ಟೋನ್ ಕೊಂಡಿತು. ಸರ್ವರ್ ಮಾರಿದವರೆಲ್ಲ ಕೊನೆಗೆ ಸೇರಿದ್ದು ಬಾಡಿಗೆ ವಸೂಲಿಯವರ ಮನೆಗೆ.

ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ವೋಟು ಕ್ಲೌಡಿಗೇ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲಿದ್ದ ಪಾಠ ಮನೆಯಲ್ಲಿ ಕೂತವರಿಗೆ ಗಗನಕುಸುಮ. ಆ ವರ್ಷದ ಕೊನೆಗೆ ಅಡೋಬಿಯವರು ಫ್ಲ್ಯಾಷ್ ನಿಲ್ಲಿಸಿದರು. ಫ್ಲ್ಯಾಷಿನಲ್ಲಿ ಮಾಡಿಸಿಟ್ಟ ಕೋರ್ಸುಗಳು ಯಾರ ಸರ್ವರಿನಲ್ಲಿದ್ದರೂ ಸತ್ತವು, ಅದು ಬೇರೆ ಮಾತು. ಆದರೆ ನೂರಾರು ಶಾಖೆಯ ಸಂಸ್ಥೆಗೆ ತನ್ನದೇ ಸರ್ವರು ಸಾಕುವುದು ಈಗ ಆನೆ ಸಾಕಿದ ಹಾಗೆ.

ನನ್ನ ತಕರಾರು ಬೇರೆ ಜಾಗದಲ್ಲಿದೆ. ಸ್ಕಾರ್ಮ್‌ನಿಂದಾಗಿ ಪಾಠವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬಹುದು. ನಿಮ್ಮ ಲೆಕ್ಕವನ್ನು? ಅದನ್ನು ಸಾಗಿಸುವ ಮಾತು ಆ ನಿಯಮದಲ್ಲಿ ಇಲ್ಲ. 2013ರಲ್ಲಿ ಎಕ್ಸ್‌ಎಪಿಐ ಎಂಬ ಹೊಸ ನಿಯಮ ಬಂದು, ಕಲಿತದ್ದರ ದಾಖಲೆಗೇ ಬೇರೆ ಉಗ್ರಾಣ ಇರಬಹುದು ಅಂದಿತು. ಒಳ್ಳೆಯ ವಿಚಾರ. ಆದರೆ ಅದಕ್ಕಿಂತ ಮೊದಲಿನ ಹತ್ತು ಹದಿನೈದು ವರ್ಷದ ಲೆಕ್ಕ ಹಳೆಯ ಸರ್ವರುಗಳಲ್ಲೇ ಕೂತಿತ್ತು.

ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಷನ್ನು ಯೂನಿಯನ್ನಿನಲ್ಲಿ. ಹೀಗೆ ಎರಡು ಸಂಸ್ಥೆ ಒಂದಾದಾಗ ಗಿರಾಕಿಯ ಖಾತೆಯ ಪೈಸೆ ಪೈಸೆ ತಾಳೆಯಾಗಬೇಕು, ಇಲ್ಲದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಟ್ರೈನಿಂಗಿನ ದಾಖಲೆಗೆ ಅಂಥ ಕಾವಲು ಎಲ್ಲಿದೆ?

ಕಾವಲಿಲ್ಲದಿದ್ದರೆ ಏನಾಗುತ್ತದೆ ಅಂದರೆ, ಬ್ಯಾಂಕಿನಲ್ಲೇ ಇರುವ ನನ್ನ ಸ್ನೇಹಿತರೊಬ್ಬರ ಮೇಲೆ ಒಂದು ಹಳೆಯ ಖಾತೆಯ ವಿಷಯದಲ್ಲಿ ವಿವರಣೆ ಕೇಳಿ ಪತ್ರ ಬಂತು. ಕೆವೈಸಿ ತರಬೇತಿ ಆಗಿತ್ತೇ, ಯಾವಾಗ ಅನ್ನುವುದು ಅದರಲ್ಲಿ ಒಂದು ಪ್ರಶ್ನೆ. ಆಗಿತ್ತು, ಪರೀಕ್ಷೆಯೂ ಪಾಸಾಗಿತ್ತು. ಆದರೆ ಆ ಪೋರ್ಟಲು ಮುಚ್ಚಿ ಎರಡು ವರ್ಷ, ಹೊಸದರಲ್ಲಿ ಅವರ ಹೆಸರಿನ ಮುಂದೆ ಖಾಲಿ. ಪುಣ್ಯಕ್ಕೆ ಅವರ ಹೆಂಡತಿ ಗ್ಯಾಸಿನ ಬಿಲ್ಲು, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೊತೆ ಆ ಸರ್ಟಿಫಿಕೇಟಿನ ಪ್ರಿಂಟನ್ನೂ ಫೈಲು ಮಾಡಿಟ್ಟಿದ್ದರು. ಇಪ್ಪತ್ತೆಂಟು ವರ್ಷದ ಸರ್ವೀಸು ಆ ಒಂದು ಹಾಳೆಯ ಮೇಲೆ ನಿಂತಿತ್ತು ನೋಡಿ.

ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಐಟಿ ಹೊರಗುತ್ತಿಗೆಯ ಬಗ್ಗೆ ನಿರ್ದೇಶನ ಹೊರಡಿಸಿದಾಗ, ಸೇವೆ ಕೊಡುವವರಿಂದ ಹೊರಬರುವ ದಾರಿಯನ್ನು ಮೊದಲೇ ಯೋಚಿಸಿಡಿ ಅಂತ ಹೇಳಿತು. ಕ್ಲೌಡಿಗೂ ಅದರಲ್ಲೇ ಬೇರೆ ಅನುಬಂಧವಿತ್ತು. ಅದರ ಲಕ್ಷ್ಯ ಮುಖ್ಯವಾಗಿ ದೊಡ್ಡ ದೊಡ್ಡ ವ್ಯವಸ್ಥೆಗಳ ಕಡೆಗೆ, ಟ್ರೈನಿಂಗಿನದು ಅಲ್ಲಿ ಸಣ್ಣ ಮೀನು. ಆದರೂ ಆಮೇಲೆ ನಾನು ಎಲ್‌ಎಮ್‌ಎಸ್ ಡೆಮೋಗೆ ಕೂತಾಗಲೆಲ್ಲ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಬ್ಬ ನೌಕರನ ಹತ್ತು ವರ್ಷದ ದಾಖಲೆ, ತಾರೀಕು ಮಾರ್ಕಿನ ಸಮೇತ, ನಿಮ್ಮ ಸಾಫ್ಟ್‌ವೇರಿನ ಹಂಗಿಲ್ಲದೆ ಓದಲು ಬರುವ ಫೈಲಿನಲ್ಲಿ ಈಗ, ಇಲ್ಲೇ ತೆಗೆದುಕೊಡಿ. ಹೋದ ಸಲ ಮೂವರು ಬಂದಿದ್ದರು. ಒಬ್ಬರು ಐದು ನಿಮಿಷದಲ್ಲಿ ಕೊಟ್ಟರು. ಇನ್ನೊಬ್ಬರು ಮೇಲ್ ಮಾಡುತ್ತೇವೆ ಸಾರ್ ಅಂದರು, ಮೇಲ್ ಬಂದಿಲ್ಲ. ಮೂರನೆಯವರು ಬಹಳ ಚೆನ್ನಾದ ಒಂದು ಡ್ಯಾಶ್‌ಬೋರ್ಡ್ ತೋರಿಸಿದರು.