ಜೂಜು ಕಾಯಿಲೆ ಅಂತ ಒಪ್ಪಿದ್ದು ಯಾವಾಗ?

ಬಿಕಾಂ ಓದಿದವನು ನಾನು. ಆದ್ರೂ ರೂಮ್‌ಮೇಟ್‌ನ ಬೆಟ್ಟಿಂಗ್ ಸಾಲ ನನ್ನ ಲೆಕ್ಕಕ್ಕೆ ಸಿಗಲೇ ಇಲ್ಲ. ಗೊತ್ತಾದಾಗ 'ಶೋಕಿ' ಅಂತ ಬೈದೆ.

ಇತಿಹಾಸ ಓದಿ ನಾಚಿಕೆಯಾಯ್ತು. 1972ರಲ್ಲೇ ಅಮೆರಿಕದ ಓಹಾಯೋದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಡಾ. ರಾಬರ್ಟ್ ಕಸ್ಟರ್ ಜೂಜುಕೋರರನ್ನು ದಾಖಲಿಸಿಕೊಂಡು ಚಿಕಿತ್ಸೆ ಶುರುಮಾಡಿದ್ರು. 1980ರಲ್ಲಿ ಅಲ್ಲಿನ ಮನೋವೈದ್ಯರ ಕೈಪಿಡಿ ಇದನ್ನು ಕಾಯಿಲೆಯೆಂದು ಒಪ್ಪಿತು. 2013ರಲ್ಲಿ ಮದ್ಯ, ಡ್ರಗ್ಸ್ ಚಟಗಳ ಸಾಲಿಗೇ ಸೇರಿಸಿತು.

1997ರಲ್ಲಿ ಬಂದ ಪರೀಕ್ಷೆಯೊಂದರಲ್ಲಿ ಎರಡೇ ಪ್ರಶ್ನೆ: ಇನ್ನೂ ಇನ್ನೂ ಜಾಸ್ತಿ ದುಡ್ಡು ಕಟ್ಟಬೇಕು ಅನಿಸಿದೆಯಾ? ಎಷ್ಟು ಆಡಿದೆ ಅಂತ ಹತ್ತಿರದವರಿಗೆ ಸುಳ್ಳು ಹೇಳಬೇಕಾಯ್ತಾ? ಒಂದಕ್ಕೆ 'ಹೌದು' ಅಂದ್ರೂ ಡಾಕ್ಟರ್ ಮುಂದೆ ವಿಚಾರಿಸಬೇಕು.

ನಿದ್ದೆ ಬರಲ್ಲ ಅಂತ ಅವನು ಕ್ಲಿನಿಕ್‌ಗೆ ಹೋಗಿದ್ದ. ಅಲ್ಲಿ ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಕೇಳಿದೆ. ಎರಡಕ್ಕೂ 'ಹೌದು' ಅಂದ. ಮರುದಿನ ಟೆಲಿ ಮಾನಸ್ 14416ಕ್ಕೆ ಇಬ್ಬರೂ ಸೇರಿ ಫೋನ್ ಮಾಡಿದ್ವಿ.