ಕರ್ಬೊನ್, ಕಬ್ಬುನ, ಕಬ್ಬಿಣ

ಬೆಂಗಳೂರಿನ ಹೆಬ್ಬಾಳ ಎಂಬ ಹೆಸರಿನ ಗಂಟು ಬಿಚ್ಚಿದರೆ ಕಬ್ಬಿಣದ್ದೂ ಬಿಚ್ಚಿಕೊಳ್ಳುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ನಾಡು. ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಪಟ್ಟಣ. ಜನರ ಬಾಯಲ್ಲಿ ಸವೆದು ಸವೆದು ‘ರ್ಬ’ ಹೋಗಿ ‘ಬ್ಬ’ ಬಂತು, ಮೊದಲಿನ ಪಕಾರ ಹಕಾರವಾಯಿತು. ಹೆಬ್ಬಾಗಿಲು, ಹೆಬ್ಬೆರಳು ಬಂದದ್ದೂ ಇದೇ ದಾರಿಯಲ್ಲಿ.

ಹಳಗನ್ನಡದ ಕರ್ಬೊನ್ ಹೀಗೆಯೇ ಕರ್ಬುನ, ಕಬ್ಬುನ ಆಗಿ ಕಬ್ಬಿಣಕ್ಕೆ ಬಂದು ನಿಂತಿತು. ಕರ್ ಅಂದರೆ ಕಪ್ಪು. ಪೊನ್ ಅಂದರೆ ಲೋಹ. ಅದೇ ಪೊನ್ ಮುಂದೆ ಹೊನ್ನಾಗಿ ಚಿನ್ನಕ್ಕೂ ನಾಣ್ಯಕ್ಕೂ ಹೆಸರಾಯಿತು. ಕಪ್ಪು ಹೊನ್ನು! ನಮ್ಮ ಹಿರಿಯರು ಕೊಟ್ಟ ಈ ಹೆಸರು ಎಷ್ಟು ತೂಕದ್ದು ಎಂದು ನನಗೆ ಮನವರಿಕೆಯಾದದ್ದು ಕ್ಷಯರೋಗದ ಬಗ್ಗೆ ಓದುವಾಗ.

ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತ ದಾಟಿ ಪೇಟೆಯ ಕಡೆ ಬಂದರೆ, 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಅಲ್ಲಿನವರು ಬೆನ್ನು ಹತ್ತಿರುವ ಬ್ಯಾಕ್ಟೀರಿಯಾ ಬದುಕುವುದಕ್ಕೆ ಕಬ್ಬಿಣ ಬೇಕೇ ಬೇಕು. ನಮ್ಮ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದೂ ಬಿಡಿಯಾಗಿ ಸಿಗುವುದಿಲ್ಲ. ಹೆಚ್ಚಿನ ಪಾಲು ಹಿಮೋಗ್ಲೋಬಿನ್‌ನಲ್ಲಿದೆ; ರಕ್ತದಲ್ಲಿ ಓಡಾಡುವುದನ್ನು ಟ್ರಾನ್ಸ್‌ಫೆರಿನ್ ಬಿಗಿಯಾಗಿ ಹಿಡಿದಿರುತ್ತದೆ; ಉಳಿದದ್ದು ಫೆರಿಟಿನ್ ಎಂಬ ಕಣಜದಲ್ಲಿ. ಸೋಂಕು ತಗಲಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಹೊರಡಿಸಿ, ರಕ್ತಕ್ಕೆ ಬರುವ ಕಬ್ಬಿಣಕ್ಕೆ ತಡೆ ಹಾಕುತ್ತದೆ.

ಕ್ಷಯದ ಬ್ಯಾಕ್ಟೀರಿಯಾ ಅದಕ್ಕೂ ಒಂದು ಉಪಾಯ ಕಂಡುಕೊಂಡಿದೆ. ಅದು ಮೈಕೋಬ್ಯಾಕ್ಟಿನ್ ಎಂಬ ಅಣುವನ್ನು ತಯಾರಿಸಿ, ಅದರಿಂದ ನಮ್ಮ ಪ್ರೋಟೀನುಗಳ ಹಿಡಿತದಲ್ಲಿರುವ ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ. ಇಂಥ ಅಣುಗಳಿಗೆ ಸಿಡೆರೋಫೋರ್ ಎಂದು ಹೆಸರು. ಗ್ರೀಕಿನಲ್ಲಿ ‘ಕಬ್ಬಿಣ ಹೊರುವುದು’. ಆದರೆ ಸಿಕ್ಕಿದ್ದನ್ನೆಲ್ಲ ನುಂಗುವಂತಿಲ್ಲ. ಕಬ್ಬಿಣ ಅತಿಯಾದರೆ ಒಳಗೇ ಉರಿದು ಅದರ ಡಿಎನ್‌ಎ ಕೆಡುತ್ತದೆ. ಹಾಗಾಗಿ ಐಡೆಆರ್ ಎಂಬ ಪ್ರೋಟೀನು ಕಾವಲಿಗಿದೆ. ಕಬ್ಬಿಣ ಸಾಕಷ್ಟಿದ್ದಾಗ ಅದು ಕಬ್ಬಿಣವನ್ನೇ ಹಿಡಿದುಕೊಂಡು ಡಿಎನ್‌ಎಯ ಮೇಲೆ ಕೂತು, ಮೈಕೋಬ್ಯಾಕ್ಟಿನ್ ತಯಾರಿಯನ್ನು ನಿಲ್ಲಿಸುತ್ತದೆ. ಕೊರತೆಯಾದರೆ ಜಾಗ ಬಿಟ್ಟೇಳುತ್ತದೆ, ತಯಾರಿ ಮತ್ತೆ ಶುರು. ಕಣ್ಣಿಗೆ ಕಾಣದ ಒಂದು ಜೀವಿ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುವ ಈ ವಸ್ತುವನ್ನು ಹೊನ್ನು ಎಂದು ಕರೆದವರು ತಪ್ಪಲಿಲ್ಲ. ವಿಜ್ಞಾನದ ಬರಹದಲ್ಲಿ ಇದನ್ನು ‘ಅಯಸ್ಸು’ ಎಂದು ಬರೆಯುವ ಅಗತ್ಯ ನನಗಂತೂ ಕಾಣುವುದಿಲ್ಲ. ನಮ್ಮ ಕಬ್ಬಿಣವೇ ಸಾಕು.

19ನೇ ಶತಮಾನದ ಫ್ರೆಂಚ್ ವೈದ್ಯ ಆರ್ಮಂಡ್ ಟ್ರೂಸೊ, ಕ್ಷಯದವರಿಗೆ ಕಬ್ಬಿಣ ಕೊಟ್ಟರೆ ಅಡಗಿದ್ದ ರೋಗ ಕೆರಳುತ್ತದೆ ಎಂದು ಎಚ್ಚರಿಸಿದ್ದ. ಕ್ಷಯದಲ್ಲಿ ರಕ್ತ ಕಮ್ಮಿಯಾಗುವುದಕ್ಕೆ ದೇಹ ಕಬ್ಬಿಣವನ್ನು ಬಚ್ಚಿಡುವುದೂ ಒಂದು ಕಾರಣ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದು, ಸುಸ್ತು, ರಕ್ತ ಕಮ್ಮಿ ಅನ್ನಿಸಿದರೆ, ಮೆಡಿಕಲ್ ಅಂಗಡಿಯಿಂದ ಟಾನಿಕ್ ತಂದು ಸುಮ್ಮನಾಗಬೇಡಿ. ಮೊದಲು ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.